ವಿಶ್ವಕ್ಕೆ ಮೂಡಣವುಂಟೆ?

ದಿಕ್ಕನ್ನು ವಿಚಾರಿಸದೆ ನಮ್ಮ ಜನರು ಕೈಗೊಳ್ಳುವ ಕೆಲಸಗಳು ಕಡಮೆ. ಮಲಗುವಾಗ ತಲೆ ಯಾವ ಕಡೆ, ಉಣ್ಣುವಾಗ ಮುಖ ಯಾವ ಕಡೆ, ದೀಪದ ಕುಡಿ ಯಾವ ಕಡೆ, ಒಲೆ ಯಾವ ಮೂಲೆಯಲ್ಲಿ, ಬಾವಿ ಯಾವ ಮೂಲೆಯಲ್ಲಿ ಎಂಬುದಕ್ಕೆಲ್ಲ ಮನೆಯ ಹಿರಿಯರಲ್ಲಿ ಉತ್ತರವು ಸಿದ್ಧವಾಗಿರುತ್ತದೆ. ಆಸರೆಯಿಲ್ಲದವನನ್ನು ನಾವು ದಿಕ್ಕಿಲ್ಲದವನೆಂದೇ ಕರೆಯುತ್ತೇವೆ. ತಿಳಿಯದೆ ನಿಂತವನಿಗೆ ದಿಕ್ಕು ತೋಚದೆಂದು ಹೇಳುತ್ತೇವೆ. ಇಂಥ ಜನರ ನಡುವೆ ಬಹುಕಾಲ ಸಂಸ್ಕೃತ ಪಾಠ ಹೇಳಿದ ನಮಗೆ ದಿಕ್ಕಿನ ಪ್ರಶ್ನೆಗಳು ಬರುವುದು ಹೊಸದೇನೂ ಅಲ್ಲ. ಪಂಚಾಂಗವನ್ನು ನೋಡಿ ಒಂದು ಮಾತು ಹೇಳಿದರೆ ಬಂದವರು ತೃಪ್ತರಾಗಿ ಹೋಗುತ್ತಾರೆ. ಆದರೆ ಹೋದ ವರ್ಷ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ನಮ್ಮನ್ನು ಹುಡುಕಿಕೊಂಡು ಬಂದ ಒಂದು ಪ್ರಶ್ನೆಗೆ ಪಂಚಾಂಗವು ಸಾಲದೆ ಹೋಯಿತು.

ನಮ್ಮ ಹಳೆಯ ಶಿಷ್ಯನೊಬ್ಬನು ಅಲ್ಲಿ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಬಡಗಣ ಮಗ್ಗುಲಿನಲ್ಲಿ ನಿವೇಶನವನ್ನು ಕೊಂಡು ಮನೆ ಕಟ್ಟಿಸತೊಡಗಿದ್ದನು. ಹೆದ್ದಾರಿಯು ಹೆಚ್ಚುಕಡಮೆ ಪಡುವಲಿಂದ ಮೂಡಲಿಗೆ ಹಾಯ್ದಿರುವುದರಿಂದ ಆ ಮಗ್ಗುಲಿನ ಮನೆಗಳಿಗೆಲ್ಲ ಬಾಗಿಲು ತೆಂಕಣಕ್ಕೇ ಆಗಬೇಕು. ಅಡಿಪಾಯ ಬಿದ್ದ ಮೂರನೆಯ ತಿಂಗಳಲ್ಲಿ ಅವನ ತಂದೆಯವರು ತೀರಿಕೊಂಡರು. ಮಾತನಾಡಿಸಿಕೊಂಡು ಹೋಗಲು ಬಂದವರೊಬ್ಬರು, ಯಮನ ದಿಕ್ಕಿಗೆ ಬಾಗಿಲಿಟ್ಟರೆ ಮತ್ತೇನಾದೀತು ಎಂದು ಒಂದು ಮಾತನ್ನು ಎಸೆದು ಹೋದರು. ಅದು ತಾಯಿಯ ಮನಸ್ಸಿನಲ್ಲಿ ನಾಟಿತು. ಗೋಡೆಗಳು ಬಾಗಿಲಿನ ಎತ್ತರವನ್ನು ದಾಟಿದ್ದವು. ಅಷ್ಟರಲ್ಲಿ, ವಿಶ್ವದ ಗೆಲಾಕ್ಸಿ ಗುಚ್ಛಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುವುದನ್ನು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ, ವಾಸ್ತುಶಾಸ್ತ್ರವು ನಿಜವೆಂದು ಸಿದ್ಧವಾಯಿತು ಎಂಬುದಾಗಿ ಮೊಬೈಲಿನಲ್ಲಿ ಒಂದು ಬರಹವು ಅವನಿಗೆ ಬಂದು ಮುಟ್ಟಿತು. “ಗುರುಗಳೇ, ಆಕಾಶಕ್ಕೇ ದಿಕ್ಕಿನ ಕಟ್ಟಳೆ ಅದ ಅಂದಮ್ಯಾಲ ನಮ್ಮದೇನ್ರಿ? ಬಾಗಿಲ ಒಡೀಲೇನು?” ಎಂದು ಕೇಳಿದನು.

ಒಡೆಯುವ ಖರ್ಚಿಗಿಂತ ದೊಡ್ಡ ಲೆಕ್ಕವೊಂದು ಆ ಪ್ರಶ್ನೆಯ ಒಳಗಿತ್ತು. ಬಾಗಿಲನ್ನು ಆ ಕಡೆಗೆ ಇಡಿಸಿದವನು ತಾನು. ಹಾಗಾದರೆ ತಂದೆಯ ಸಾವಿಗೂ ತಾನೇ ಕಾರಣನಾದೆನೆ ಎಂಬುದು ಅವನ ನಿಜವಾದ ಪ್ರಶ್ನೆ. ಆದಕಾರಣ ಅದೆಲ್ಲ ಸುಳ್ಳೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ. ಎಂಟು ದಿನ ತಡೆಯಪ್ಪಾ ಎಂದು ಅವನನ್ನು ಕಳುಹಿಸಿ, ಆ ಬರಹದ ಮೂಲವನ್ನು ಹುಡುಕಲು ಕುಳಿತೆವು. ಹುಡುಕಿದಾಗ ಅದರಲ್ಲಿ ಅರ್ಧ ನಿಜವಿರುವುದು ಕಂಡುಬಂದಿತು. ಆ ಅರ್ಧವು ಯಾವುದೆಂಬುದನ್ನು ತಿಳಿಯುವುದಕ್ಕೆ ವಾಚಕರು ನಮ್ಮೊಡನೆ ಸ್ವಲ್ಪ ದೂರ ಬರಬೇಕಾಗುತ್ತದೆ.

ಗೆಲಾಕ್ಸಿ ಎಂಬುದಕ್ಕೆ ನೀಹಾರಿಕೆ, ತಾರಾಗಣ ಮೊದಲಾದ ಹೆಸರುಗಳು ನಮ್ಮಲ್ಲಿ ಪ್ರಯೋಗಿಸಲ್ಪಟ್ಟಿವೆ. ಯಾವುದೊಂದೂ ನೆಲೆನಿಲ್ಲದ ಕಾರಣ ಇಲ್ಲಿ ಗೆಲಾಕ್ಸಿಯೆಂದೇ ಬರೆಯುತ್ತೇವೆ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದವರಿಗೆ ಕಾಣುವ ಆಕಾಶಗಂಗೆಯೆಂದರೆ ನಾವು ವಾಸಿಸುವ ಗೆಲಾಕ್ಸಿಯನ್ನು ಒಳಗಿನಿಂದ ಕಂಡಂತೆ; ಅದು ಹತ್ತು ಸಾವಿರ ಕೋಟಿಗೂ ಮಿಕ್ಕ ನಕ್ಷತ್ರಗಳ ಸಂಸಾರ. ಉತ್ತರಾಭಾದ್ರೆಯ ಆಚೆಗೆ ಮಸುಕಾದ ಒಂದು ಕಲೆಯಂತೆ ಬರಿಗಣ್ಣಿಗೆ ಕಾಣುವ ಆಂಡ್ರೊಮಿಡಾ ಮತ್ತೊಂದು ಗೆಲಾಕ್ಸಿ. ಅದರ ದೂರ 25 ಲಕ್ಷ ಜ್ಯೋತಿರ್ವರ್ಷ. ಬೆಳಕು ಒಂದು ವರ್ಷದಲ್ಲಿ ನಡೆಯುವ ದೂರವಾದ ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರಿಗೆ ಜ್ಯೋತಿರ್ವರ್ಷವೆಂದು ಹೆಸರು. ಈ ಗೆಲಾಕ್ಸಿಗಳು ಒಂಟಿಯಾಗಿ ಬಾಳುವುದು ಕಡಮೆ. ನೂರಾರು, ಸಾವಿರಾರು ಒಟ್ಟುಗೂಡಿ, ತಮ್ಮ ಆಕರ್ಷಣದಿಂದಲೇ ಒಂದನ್ನೊಂದು ಹಿಡಿದುಕೊಂಡು ಇರುವ ಸಮುದಾಯಕ್ಕೆ ಗುಚ್ಛವೆಂದು ಹೆಸರು. ನಮಗೆ ಹತ್ತಿರದ ದೊಡ್ಡ ಗುಚ್ಛವು ಕನ್ಯಾರಾಶಿಯ ದಿಕ್ಕಿನಲ್ಲಿ ಸುಮಾರು 5.4 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಜಾರ್ಜ್ ಅಬೆಲ್ ಎಂಬ ಅಮೆರಿಕದ ವಿದ್ವಾಂಸರು ಪಾಲೋಮಾರ್ ಬೆಟ್ಟದ ದೂರದರ್ಶಕದಿಂದ ತೆಗೆದ ಆಕಾಶದ ಛಾಯಾಚಿತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ, 1958ರಲ್ಲಿ 2712 ಗುಚ್ಛಗಳ ಪಟ್ಟಿಯನ್ನು ಪ್ರಕಟಿಸಿದರು. ಕಣ್ಣಿನಿಂದ ಎಣಿಸಿದ ಪಟ್ಟಿ ಅದು. ಆ ತಾಳ್ಮೆಗೆ ನಮ್ಮ ನಮಸ್ಕಾರ.

ಗುಚ್ಛಗಳು ಚೆಂಡಿನಂತೆ ದುಂಡಗಿರುವುದಿಲ್ಲ. ಹೆಚ್ಚಿನವು ಮಾವಿನಕಾಯಿಯಂತೆ ಒಂದು ಕಡೆಗೆ ನೀಳವಾಗಿವೆ. ನೀಳವಾದ ವಸ್ತುವಿಗೆ ಒಂದು ಉದ್ದನೆಯ ಗೆರೆಯಿದ್ದೇ ಇರುವುದರಿಂದ, ಆ ಗೆರೆ ಎತ್ತ ತೋರುತ್ತದೆ ಎಂದು ಕೇಳಬಹುದು. ಕೇಳಿದವರಲ್ಲಿ ಮೊದಲಿಗರೊಬ್ಬರ ಹೆಸರು ನಮ್ಮ ಕಿವಿಗೆ ಹಿತವಾದದ್ದು: ಗುಮ್ಮಲೂರು ಶಾಸ್ತ್ರಿ. ಕೆಲವು ಗುಚ್ಛಗಳ ನಡುವೆ ಮನೆಯ ಯಜಮಾನನಂತೆ ಒಂದು ಮಹಾಗಾತ್ರದ ಗೆಲಾಕ್ಸಿಯು ಕುಳಿತಿರುತ್ತದೆ. ಅದರ ನೀಳವೂ ಇಡೀ ಗುಚ್ಛದ ನೀಳವೂ ಒಂದೇ ಕಡೆಗೆ ಚಾಚಿರುವುದನ್ನು ಅವರು 1968ರಲ್ಲಿ ಪೆಸಿಫಿಕ್ ಖಗೋಳ ಸಂಘದ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. 1982ರಲ್ಲಿ ಸ್ವಿಟ್ಜರ್ಲೆಂಡಿನ ಬ್ರೂನೊ ಬಿಂಗೆಲಿಯವರು ಅಬೆಲ್ ಪಟ್ಟಿಯ 44 ಗುಚ್ಛಗಳನ್ನು ಅಳೆದು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಂದು ಗುಚ್ಛಕ್ಕೆ ಸುಮಾರು ಹತ್ತು ಕೋಟಿ ಜ್ಯೋತಿರ್ವರ್ಷಗಳ ಒಳಗೆ ನೆರೆಯ ಗುಚ್ಛವಿದ್ದರೆ, ಅದರ ನೀಳವು ಆ ನೆರೆಯ ಕಡೆಗೇ ತಿರುಗಿರುವ ಒಲವುಂಟು ಎಂಬುದು ಅವರ ಸಿದ್ಧಾಂತ.

ಒಲವೆಂಬ ಮಾತನ್ನು ನಾವು ಬೇಕೆಂದೇ ಬರೆದಿದ್ದೇವೆ. ಎಲ್ಲ ಗುಚ್ಛಗಳೂ ಹಾಗಿಲ್ಲ. ಗುಚ್ಛದ ನೀಳಕ್ಕೂ ನೆರೆಯ ಕಡೆಗೆ ಎಳೆದ ಗೆರೆಗೂ ನಡುವಣ ಕೋನವು ಸೊನ್ನೆಯಿಂದ 90 ಅಂಶಗಳವರೆಗೆ ಎಷ್ಟಾದರೂ ಇರಬಹುದು. ಯಾವ ಸಂಬಂಧವೂ ಇಲ್ಲದಿದ್ದಲ್ಲಿ ಬಹಳ ಗುಚ್ಛಗಳ ಸರಾಸರಿಯು 45ಕ್ಕೆ ಬಂದು ನಿಲ್ಲಬೇಕು. ಅದು 45ಕ್ಕಿಂತ ನಿಶ್ಚಿತವಾಗಿ ಇಳಿದರೆ ಏನೋ ಕಾರಣವಿದೆಯೆಂದು ಊಹಿಸತಕ್ಕದ್ದು. ಇದಲ್ಲದೆ ಮತ್ತೊಂದು ತೊಡಕುಂಟು. ಗುಚ್ಛದ ನಿಜವಾದ ಆಕಾರವನ್ನು ನಾವು ಕಾಣುವುದಿಲ್ಲ. ಗೋಡೆಯ ಮೇಲೆ ಬಿದ್ದ ನೆರಳಿನಂತೆ ಆಕಾಶದ ಮೇಲೆ ಬಿದ್ದ ರೂಪವನ್ನು ಮಾತ್ರ ಕಾಣುತ್ತೇವೆ. ನಮ್ಮ ಕಡೆಗೇ ಚಾಚಿದ ಸೌತೆಕಾಯಿಯು ದುಂಡಗೆ ಕಾಣುವುದಷ್ಟೆ.

ಆದುದರಿಂದಲೇ ವಿವಾದವು ಎದ್ದಿತು. 1985ರಲ್ಲಿ ಸ್ಟ್ರೂಬಲ್ ಮತ್ತು ಪೀಬಲ್ಸ್ ಎಂಬವರು ಇನ್ನೂ ಹೆಚ್ಚು ಗುಚ್ಛಗಳನ್ನು ತೆಗೆದುಕೊಂಡು ಪರೀಕ್ಷಿಸಿ, ಈ ಒಲವು ಇದ್ದರೂ ತೀರ ಕ್ಷೀಣವೆಂದೂ ಅಳತೆಯ ದೋಷದಿಂದಲೇ ಹಾಗೆ ತೋರಿರಬಹುದೆಂದೂ ಬರೆದರು. ಪೀಬಲ್ಸರು ಸಾಮಾನ್ಯರಲ್ಲ, 2019ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು. ವಾದಿ ಪ್ರತಿವಾದಿಗಳಿಬ್ಬರೂ ಪ್ರಬಲರಾದಾಗ ಮಾಡುವುದೇನು? ಮೂವರಿಗೆ ಕಡಮೆಯಿಲ್ಲದ ಸಾಕ್ಷಿಗಳಿರಬೇಕೆಂಬುದು ಯಾಜ್ಞವಲ್ಕ್ಯಸ್ಮೃತಿಯ ಕಟ್ಟಳೆ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಈ ಕಲ್ಯಾಣದಲ್ಲಿಯೇ ಇದ್ದವನು. ಆದಕಾರಣ ಅವನ ಊರಿನವರಾದ ನಾವು ಸಾಕ್ಷಿಗಳನ್ನು ಎಣಿಸಿ ನೋಡಿದೆವು. 2012ರಲ್ಲಿ, ಸ್ಲೋನ್ ಆಕಾಶ ಸಮೀಕ್ಷೆಯ ಸಾವಿರಾರು ಗುಚ್ಛಗಳನ್ನು ಯಂತ್ರಗಣಿತದಿಂದ ಪರೀಕ್ಷಿಸಿದವರು ಸುಮಾರು 45 ಕೋಟಿ ಜ್ಯೋತಿರ್ವರ್ಷಗಳ ಅಂತರದವರೆಗೂ ಈ ಒಲವನ್ನು ಕಂಡರು. 2017ರಲ್ಲಿ ಮೈಕಲ್ ವೆಸ್ಟ್ ಮತ್ತು ಅವರ ಸಂಗಡಿಗರು ಹಬಲ್ ದೂರದರ್ಶಕವು ತೆಗೆದ 65 ದೂರದ ಗುಚ್ಛಗಳ ಚಿತ್ರಗಳನ್ನು ಅಳೆದು, ಶಾಸ್ತ್ರಿಯವರು ಹೇಳಿದ ಯಜಮಾನ ಗೆಲಾಕ್ಸಿಯ ಹೊಂದಿಕೆಯು ಸಾವಿರ ಕೋಟಿ ವರ್ಷಗಳ ಹಿಂದೆಯೇ ಇತ್ತೆಂದು ತಿಳಿಸಿದರು. ವಿಶ್ವದ ವಯಸ್ಸೇ ಸುಮಾರು 1380 ಕೋಟಿ ವರ್ಷವೆಂಬುದನ್ನು ನೆನೆದರೆ, ಇದು ಬಾಲ್ಯದಲ್ಲೇ ಬಂದ ಗುಣವೆನ್ನಬೇಕು. ವಾದವು ಬಿಂಗೆಲಿಯವರ ಕಡೆಗೆ ಗೆದ್ದಿತೆಂದು ನಮ್ಮ ಅಭಿಪ್ರಾಯ.

ಇನ್ನು ಕಾರಣ. ಇದನ್ನು ಹೇಳಲು ಹುಮನಾಬಾದಿಗಿಂತ ಒಳ್ಳೆಯ ದೃಷ್ಟಾಂತವು ನಮಗೆ ದೊರೆಯದು. ಆ ಊರಿನಲ್ಲಿ ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ದಾರಿಯೂ ಕಲಬುರಗಿಯಿಂದ ಬೀದರಿಗೆ ಹೋಗುವ ದಾರಿಯೂ ಕೂಡುತ್ತವೆ. ಊರು ದಾರಿಗಳ ಕೂಟದಲ್ಲಿ ದಟ್ಟವಾಗಿದೆ. ಬೆಳೆಯುವಾಗ ನಾಲ್ಕೂ ಕಡೆಗೆ ಸಮನಾಗಿ ಬೆಳೆಯದೆ ದಾರಿಯ ಗುಂಟ ಕೈ ಚಾಚಿದೆ. ಧಾಬಾ, ಗ್ಯಾರೇಜು, ಪೆಟ್ರೋಲ್ ಬಂಕು, ಹೊಸ ಬಡಾವಣೆ ಎಲ್ಲವೂ ದಾರಿಯ ಅಂಚಿಗೇ. ಇತ್ತ ನಮ್ಮ ಬಸವಕಲ್ಯಾಣವು ಹೆದ್ದಾರಿಯಿಂದ ಸ್ವಲ್ಪ ಒಳಗಿರುವುದರಿಂದ, ಕೋಟೆಯ ಸುತ್ತಲಿನ ಹಳೆಯ ಊರು ಒಂದು ಆಕಾರವಾದರೆ, ಹೊಸ ಊರು ಸಸ್ತಾಪುರ ಬಂಗ್ಲಾದ ಕಡೆಗೆ, ಎಂದರೆ ಹೆದ್ದಾರಿಯ ಕಡೆಗೆ, ಬೆಳೆದು ಇನ್ನೊಂದು ಆಕಾರವಾಗಿದೆ. ಮೇಲಿನಿಂದ ನೋಡಿದವನಿಗೆ ಎರಡೂ ಊರುಗಳು ಒಂದನ್ನೊಂದು ನೋಡಿ ಕೈ ನೀಡಿದಂತೆ ಕಂಡೀತು. ಪುರಸಭೆಯವರು ಯಾರೂ ಹಾಗೆ ಆಜ್ಞೆ ಮಾಡಲಿಲ್ಲ. ಜನರೂ ಸಾಮಾನೂ ಯಾವ ದಾರಿಯಿಂದ ಬರುತ್ತವೆಯೋ ಊರು ಆ ದಾರಿಯ ಉದ್ದಕ್ಕೆ ನೀಳವಾಗುತ್ತದೆ.

ಗುಚ್ಛಗಳ ಕಥೆಯೂ ಹೀಗೆಯೇ. ವಿಶ್ವದ ದ್ರವ್ಯವು ಆದಿಯಲ್ಲಿ ಬಹುಮಟ್ಟಿಗೆ ಸಮನಾಗಿ ಹರಡಿದ್ದು, ಅಲ್ಲಲ್ಲಿ ಅತ್ಯಲ್ಪವಾದ ಹೆಚ್ಚುಕಡಮೆಗಳಿದ್ದವು. ಹೆಚ್ಚಿದ್ದಲ್ಲಿ ಆಕರ್ಷಣವು ಹೆಚ್ಚು. ಅಲ್ಲಿಗೆ ಇನ್ನಷ್ಟು ದ್ರವ್ಯವು ಹರಿಯಿತು. ರಷ್ಯದ ಜೆಲ್ಡೋವಿಚರು 1970ರಲ್ಲಿ ತೋರಿಸಿದಂತೆ, ಇಂಥ ರಾಶಿಯು ಎಲ್ಲ ಕಡೆಯಿಂದಲೂ ಏಕಪ್ರಕಾರವಾಗಿ ಕುಗ್ಗುವುದಿಲ್ಲ. ಮೊದಲು ಒಂದು ಕಡೆಯಿಂದ ಕುಗ್ಗಿ ರೊಟ್ಟಿಯಂತೆ ಚಪ್ಪಟೆಯಾಗುತ್ತದೆ. ಆಮೇಲೆ ಎಳೆಗಳಾಗಿ, ಎಳೆಗಳು ಕೂಡುವಲ್ಲಿ ಗಂಟುಗಳಾಗುತ್ತವೆ. ಆ ಗಂಟುಗಳೇ ಗುಚ್ಛಗಳು. ಎರಡು ಗಂಟುಗಳ ನಡುವೆ ದ್ರವ್ಯದ ಎಳೆಯಿರುತ್ತದೆ. ಅದರ ಬಹುಭಾಗವು ಕಣ್ಣಿಗೆ ಕಾಣದ ಕಪ್ಪುದ್ರವ್ಯ. ಗೆಲಾಕ್ಸಿಗಳು ಆ ಎಳೆಯ ಗುಂಟ ಗುಚ್ಛದೊಳಗೆ ಇಳಿದು ಬರುತ್ತವೆ. ಬಂದ ದಾರಿಯ ಗುರುತು ಗುಚ್ಛದ ಆಕಾರದಲ್ಲಿ ಉಳಿಯುತ್ತದೆ. ನಡುವಿನ ಯಜಮಾನ ಗೆಲಾಕ್ಸಿಯು ಅದೇ ದಾರಿಯಿಂದ ಬಂದ ಚಿಕ್ಕವುಗಳನ್ನು ತನ್ನೊಳಗೆ ಸೇರಿಸಿಕೊಂಡು ಬೆಳೆಯುವುದರಿಂದ ಅದರ ಮೈಯೂ ಆ ಕಡೆಗೇ ನೀಳವಾಗುತ್ತದೆ. ಗುಚ್ಛದ ಸಾಮಾನ್ಯ ಗೆಲಾಕ್ಸಿಗಳಲ್ಲಿ ಈ ಹೊಂದಿಕೆಯು ಕಾಣುವುದಿಲ್ಲವೆಂದೂ 2017ರ ಆ ಸಂಶೋಧಕರೇ ಹೇಳಿದ್ದಾರೆ.

ಅದೇ ವರ್ಷದ ಜುಲೈ ತಿಂಗಳಲ್ಲಿ ಪುಣೆಯ ವಿದ್ವಾಂಸರು ಮೀನರಾಶಿಯ ದಿಕ್ಕಿನಲ್ಲಿ ಒಂದು ಮಹಾಗುಚ್ಛವನ್ನು, ಎಂದರೆ ಗುಚ್ಛಗಳ ಗುಚ್ಛವನ್ನು, ಕಂಡುಹಿಡಿದ ಸುದ್ದಿಯನ್ನು ಪ್ರಕಟಿಸಿದರು. ಜೊಯದೀಪ್ ಬಾಗ್ಚಿ ಮೊದಲಾದವರ ಆ ಮಂಡಳಿಯು ಅದಕ್ಕೆ ಸರಸ್ವತಿ ಎಂಬ ಹೆಸರನ್ನಿಟ್ಟಿತು. ಅದು ನಮ್ಮಿಂದ 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಈ ತುದಿಯಿಂದ ಆ ತುದಿಗೆ 60 ಕೋಟಿ ಜ್ಯೋತಿರ್ವರ್ಷ. ಅದರಲ್ಲಿ ನಲವತ್ತಕ್ಕೂ ಹೆಚ್ಚು ಗುಚ್ಛಗಳೂ ಗುಂಪುಗಳೂ ಸೇರಿವೆ. ಹಲವು ತೊರೆಗಳು ಕೂಡಿದ ನದಿಯ ಹೆಸರನ್ನು ಹಲವು ಎಳೆಗಳು ಕೂಡಿದ ರಾಶಿಗೆ ಇಟ್ಟವರ ಪದಜ್ಞಾನವು ಮೆಚ್ಚತಕ್ಕದ್ದು. ಹೆಸರಿಡುವ ಕೆಲಸವು ಗಣಿತಜ್ಞರ ಪಾಲಿಗೆ ಬಂದಾಗ ಬರಿಯ ಅಂಕಿಗಳೇ ಬರುತ್ತವೆಂದು ನಾವು ಗೊಣಗಿದ್ದುಂಟು.

ಈಗ ಆ ಮೊಬೈಲಿನ ಬರಹದ ಇನ್ನರ್ಧವನ್ನು ನೋಡೋಣ. ಗುಚ್ಛಗಳು ನೆರೆಯ ಕಡೆಗೆ ತಿರುಗಿವೆಯೆಂಬುದು ನಿಜ. ಎಲ್ಲವೂ ಒಂದೇ ದಿಕ್ಕಿಗೆ ತಿರುಗಿವೆಯೆಂಬುದನ್ನು ಈ ಪರೀಕ್ಷಕರಲ್ಲಿ ಒಬ್ಬರೂ ಹೇಳಿಲ್ಲ. ಹೇಳುವಂತೆಯೂ ಇಲ್ಲ. ವಿಶ್ವದ ಆದಿಯಿಂದ ಉಳಿದು ಬಂದ ಸೂಕ್ಷ್ಮವಾದ ಕಾಂತಿಯೊಂದು ಆಕಾಶದ ಎಲ್ಲ ಕಡೆಯಿಂದಲೂ ನಮ್ಮನ್ನು ಮುಟ್ಟುತ್ತದೆ. ಅದನ್ನು ಪೆಂಜಿಯಾಸ್ ಮತ್ತು ವಿಲ್ಸನ್ ಎಂಬವರು ಕಂಡ ಸಂಗತಿಯು 1965ರಲ್ಲಿ ಪ್ರಕಟವಾಯಿತು. ನಮ್ಮ ಸ್ವಂತ ಚಲನೆಯಿಂದ ತೋರುವ ವ್ಯತ್ಯಾಸವನ್ನು ಕಳೆದರೆ, ಅದರ ಶಾಖವು ಎತ್ತ ನೋಡಿದರೂ ಲಕ್ಷಕ್ಕೆ ಒಂದು ಭಾಗದಷ್ಟು ಮಾತ್ರ ಏರುಪೇರಾಗುತ್ತದೆ. ಇಡೀ ವಿಶ್ವಕ್ಕೆ ಒಂದು ಮೂಡಣವಿದ್ದಿದ್ದರೆ ಅದರ ಗುರುತು ಅಲ್ಲಿ ಮೊದಲು ಬೀಳಬೇಕಾಗಿತ್ತು.

ತರ್ಕಸಂಗ್ರಹವನ್ನು ಓದಿದವರಿಗೆ ಇದು ತೀರ ಅಪರಿಚಿತವಾದ ಮಾತೆನಿಸದು. ದಿಕ್ಕೆಂಬ ದ್ರವ್ಯವು ವಾಸ್ತವವಾಗಿ ಒಂದೇ, ಅದು ಎಲ್ಲೆಲ್ಲಿಯೂ ವ್ಯಾಪಿಸಿದೆ ಎಂದು ನಮ್ಮ ತಾರ್ಕಿಕರು ಒಪ್ಪುತ್ತಾರೆ. ಪೂರ್ವ, ಪಶ್ಚಿಮವೆಂಬ ಭೇದವು ಉಪಾಧಿಯಿಂದ ಬಂದದ್ದು. ಎಂದರೆ ಹೊರಗಿನ ನಿಮಿತ್ತದಿಂದ ಬಂದದ್ದು. ಸೂರ್ಯನು ಹುಟ್ಟುವ ಬೆಟ್ಟವೇ ಆ ನಿಮಿತ್ತ. ಶಾಲೆಯ ಅಂಗಳದಲ್ಲಿ ನಾವು ಮಕ್ಕಳಿಂದ ಹನ್ನೆರಡು ಅಂಗುಲದ ಶಂಕುವನ್ನು ನೆಡಿಸಿ, ಸುತ್ತಲೂ ವೃತ್ತವನ್ನು ಬರೆಯಿಸಿ, ನೆರಳಿನ ತುದಿಯು ಬೆಳಿಗ್ಗೆ ಒಳಹೊಕ್ಕ ಚುಕ್ಕೆಯನ್ನೂ ಮಧ್ಯಾಹ್ನದ ಮೇಲೆ ಹೊರಬಿದ್ದ ಚುಕ್ಕೆಯನ್ನೂ ಗುರುತಿಸಿ ಕೂಡಿಸಲು ಹೇಳುತ್ತಿದ್ದೆವು. ಆ ಗೆರೆಯೇ ಪೂರ್ವಾಪರ. ಯಜ್ಞವೇದಿಕೆಗಾಗಿ ಕಾತ್ಯಾಯನ ಶುಲ್ಬಸೂತ್ರದಲ್ಲಿ ಹೇಳಿದ ವಿಧಾನವಿದು. ಶಂಕುವೂ ಬಿಸಿಲೂ ತಿರುಗುವ ಭೂಮಿಯೂ ಇರುವಲ್ಲಿ ಮಾತ್ರ ಅದು ನಡೆಯುತ್ತದೆ. ಉತ್ತರಧ್ರುವದಲ್ಲಿ ನಿಂತವನಿಗೆ ಎತ್ತ ತಿರುಗಿದರೂ ದಕ್ಷಿಣವೇ. ಅಲ್ಲಿ ಮನೆ ಕಟ್ಟುವವನು ಬಾಗಿಲನ್ನು ಎತ್ತ ಇಟ್ಟಾನು?

ಎಂಟು ದಿನ ತುಂಬಿದ ಮೇಲೆ ನಾವೇ ಹುಮನಾಬಾದಿನ ಬಸ್ಸು ಹತ್ತಿ ಹೋದೆವು. ತಾಯಿಯವರು ಮಾಣಿಕನಗರದ ದರ್ಶನವನ್ನು ಮುಗಿಸಿಕೊಂಡು ಆಗತಾನೆ ಬಂದಿದ್ದರು. ಮಗನ ಎದುರಿನಲ್ಲಿಯೇ ಮೇಲಿನ ಸಂಗತಿಗಳನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದೆವು. ಗಾಳಿ ಬೆಳಕುಗಳ ಸಲುವಾಗಿ ಹಿರಿಯರು ಮಾಡಿದ ಏರ್ಪಾಡನ್ನು ನಾವು ಹಳಿಯುವುದಿಲ್ಲ. ನೀವು ಒಲೆಯನ್ನು ಆಗ್ನೇಯಕ್ಕೇ ಇಡಿರಿ. ಆದರೆ ಸಾವಿನ ಹೊಣೆಯನ್ನು ಬಾಗಿಲಿನ ಮೇಲೆ ಹೊರಿಸಲು ಆಕಾಶವು ಸಾಕ್ಷಿ ಹೇಳುವುದಿಲ್ಲವೆಂದೆವು. ಯಜಮಾನರ ಹೃದಯದ ಬೇನೆಯು ಆ ನಿವೇಶನವನ್ನು ಕೊಳ್ಳುವುದಕ್ಕಿಂತ ಆರು ವರ್ಷ ಹಿಂದಿನದೆಂಬುದನ್ನೂ ನೆನಪಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. “ಹಂಗಾದ್ರ ಅವರು ಹೋಗಿದ್ದು ಯಾಕ್ರಿ ಗುರುಗಳೇ?” ಎಂದರು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ, ನಾವೂ ಸುಮ್ಮನಿದ್ದೆವು. ಚಹಾ ಬಂದಿತು. ಹೊರಡುವ ಹೊತ್ತಿಗೆ ಮಗನ ಕಡೆಗೆ ತಿರುಗಿ, “ಬಾಗಿಲ ಅಲ್ಲೇ ಇರ್ಲಿ ಬಿಡಪಾ. ಬರೋ ಮಂದಿ ಆ ಕಡಿಂದೇ ಬರ್ತಾರ” ಎಂದು ಹೇಳಿದರು. ಮಗನು ಮುಖವನ್ನು ತೊಳೆದುಕೊಳ್ಳುವ ನೆವದಿಂದ ಎದ್ದು ಒಳಗೆ ಹೋದನು.

ಈ ಗುಚ್ಛಗಳಿರುವ ಎಡೆಯನ್ನು ನೋಡಬಯಸುವ ವಾಚಕರಿಗೆ ಚೈತ್ರದ ಕೊನೆಯ ದಿನಗಳು ಅನುಕೂಲವಾದವು. ಏಪ್ರಿಲ್ ನಡುವಿನ ಮೇಲೆ, ಚಂದ್ರನಿಲ್ಲದ ರಾತ್ರಿ ಹತ್ತು ಗಂಟೆಯ ಸುಮಾರಿಗೆ, ಉತ್ತರಾ ನಕ್ಷತ್ರವು ನಮ್ಮ ಪ್ರಾಂತದಲ್ಲಿ ಹೆಚ್ಚುಕಡಮೆ ನೆತ್ತಿಯ ಮೇಲೆ ಬಂದಿರುತ್ತದೆ. ಅದರ ಬಡಗಣಕ್ಕೆ ನಾಲ್ಕು ಬೆರಳು ಹಿಡಿಯುವಷ್ಟು ಅಂತರದೊಳಗೆ ಅಬೆಲ್ ಪಟ್ಟಿಯ 1367ನೆಯ ಗುಚ್ಛ. ಈಶಾನ್ಯಕ್ಕೆ ಒಂದು ಗೇಣು ಸರಿದರೆ ಕೋಮಾ ಗುಚ್ಛ. ಇವೆರಡೂ ಮೂವತ್ತು ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ ಒಂದೇ ಎಳೆಯಲ್ಲಿ ಕೂಡಿವೆ. ಕೋಮಾದ ನೀಳವು ಅದರ ಆ ನೆರೆಯ ಕಡೆಗೇ ಉಂಟು. ಉತ್ತರೆಯ ಪೂರ್ವಕ್ಕೆ ಅಂಗೈಯಗಲದ ದೂರದಲ್ಲಿ ಕನ್ಯಾಗುಚ್ಛ. ಅದರ ನೀಳವು ನಮ್ಮ ನೋಟದ ಗೆರೆಯಿಂದ ಹತ್ತು ಹದಿನೈದು ಅಂಶಗಳಷ್ಟು ಮಾತ್ರ ಓರೆಯಾಗಿ, ಆಚೆಗೆ ಅದೇ 1367ರ ಕಡೆಗೆ ಚಾಚಿದೆಯೆಂದು ವೆಸ್ಟ್ ಮತ್ತು ಬ್ಲೇಕ್ಸ್‌ಲೀ 2000ದಲ್ಲಿ ಬರೆದಿದ್ದಾರೆ. ಬರಿಗಣ್ಣಿಗೆ ಅಲ್ಲಿ ಕಪ್ಪು ಆಕಾಶವಲ್ಲದೆ ಮತ್ತೇನೂ ತೋರದು. ಸಾಧಾರಣವಾದ ದೂರದರ್ಶಕವೊಂದಿದ್ದು, ಊರ ದೀಪಗಳ ಕಾಟವಿಲ್ಲದ ಹೊಲಕ್ಕೆ ಹೋದರೆ ಕನ್ಯಾಗುಚ್ಛದ ನಾಲ್ಕಾರು ಗೆಲಾಕ್ಸಿಗಳು ಬೂದಿಯ ಚುಕ್ಕೆಗಳಂತೆ ಕಂಡಾವು.